ತೋಟೆಯ ಲೆಕ್ಕ ಕೇಳುವವರಿಗೆ

ಕಳ್ಳಬೇಟೆ ನಿಲ್ಲಬೇಕಾದರೆ ತೋಟೆಗಳನ್ನು ಒಟ್ಟಿಗೆ ಹೆಚ್ಚು ಕೊಳ್ಳುವವರ ಮೇಲೆ ಕಣ್ಣಿಡಬೇಕು ಎಂಬ ವಾದ ಪರಿಸರಾಸಕ್ತರ ನಡುವೆಯೇ ಆಗಾಗ ಕೇಳಿಬರುತ್ತದೆ. ಅದರ ಹಿಂದಿನ ಕಳಕಳಿಯನ್ನು ನಾವು ಅನುಮಾನಿಸುವುದಿಲ್ಲ. ಆದರೆ ಈ ವಾದ ಹಿಡಿದುಕೊಡುವುದು ಬೇಟೆಗಾರನನ್ನಲ್ಲ, ರೈತನನ್ನು.

ಲೆಕ್ಕವನ್ನೇ ನೋಡೋಣ. ಕಾಡಂಚಿನ ಗದ್ದೆಗೆ ಹಂದಿ, ತೋಟಕ್ಕೆ ಮಂಗ ಬರುವುದು ವಾರ ನೋಡಿಕೊಂಡಲ್ಲ. ಫಸಲು ಬಲಿಯುವ ಒಂದೇ ತಿಂಗಳಲ್ಲಿ, ಬೆದರಿಸಲೆಂದು ದಿನಕ್ಕೊಂದು ಈಡನ್ನು ಆಕಾಶಕ್ಕೆ ಹಾರಿಸಿದರೂ 30 ತೋಟೆ ಮುಗಿಯಿತು. ಕಡವೆ ಹೊಡೆಯುವವನಿಗೆ ಒಂದು ಸಾಕು, ತಪ್ಪಿದರೆ ಎರಡು. ಹೀಗಿರುವಾಗ ಅಂಗಡಿಯ ವಹಿಯಲ್ಲಿ ದೊಡ್ಡ ಅಂಕಿಯಾಗಿ ಕಾಣುವವನು ಯಾರು?

ತೋಟೆಯಾದರೂ ಅಗ್ಗದ ವಸ್ತುವಲ್ಲ. ಪರವಾನಗಿ ಪಡೆದ ಅಂಗಡಿ ಇರುವುದು ದೂರದ ಪಟ್ಟಣದಲ್ಲಿ. ಬಸ್ಸಿನ ಖರ್ಚು, ಒಂದು ದಿನದ ದುಡಿಮೆ ಎರಡನ್ನೂ ಕಳೆದುಕೊಂಡು ಹೋದವನು ವರ್ಷಕ್ಕಾಗುವಷ್ಟನ್ನು ಒಮ್ಮೆಗೇ ತರುವುದು ಸಂಸಾರಸ್ಥನ ವಿವೇಕ. ಅದಕ್ಕೂ ಮಿತಿಯುಂಟು. ಒಂದು ಸಲಕ್ಕೆ ಎಷ್ಟು ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂಬ ಎರಡೂ ಸಂಖ್ಯೆಗಳು ಅವನ ಪರವಾನಗಿಯಲ್ಲೇ ಇರುತ್ತವೆ, ಮಾರಿದವನು ದಾಖಲಿಸಿಕೊಳ್ಳಬೇಕು. ಸರ್ಕಾರವೇ ಗೆರೆ ಎಳೆದುಕೊಟ್ಟ ಮೇಲೆ, ಗೆರೆಯೊಳಗೆ ನಿಂತವನನ್ನು ಕಳ್ಳನೆಂದು ನೋಡುವುದು ಯಾವ ನ್ಯಾಯ?

ಕೊಡಗಿನತ್ತ ನೋಡಿ. ಅಲ್ಲಿ ಕೈಲುಪೊಳ್ದ್‌ ಬಂತೆಂದರೆ ತೆಂಗಿನಕಾಯಿಗೆ ಗುರಿ ಇಡುವ ಸ್ಪರ್ಧೆ. ಹುತ್ತರಿಯಲ್ಲಿ ಕದಿರು ಕೊಯ್ಯುವಾಗ ಈಡು. ಮನೆಯಲ್ಲಿ ಸಾವಾದರೂ ಈಡಿನ ಸದ್ದೇ ಊರಿಗೆ ಸುದ್ದಿ ಮುಟ್ಟಿಸುತ್ತಿತ್ತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಕೋವಿ ಪರವಾನಗಿಯ ವಿನಾಯಿತಿಯನ್ನು 2021ರಲ್ಲಿ ಉಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಹಬ್ಬದ ಮುನ್ನಾದಿನಗಳಲ್ಲಿ ತೋಟೆ ಹೆಚ್ಚು ಮಾರಾಟವಾದರೆ ಅದರಲ್ಲಿ ಕಾಡಿನ ಶವಗಳನ್ನು ಹುಡುಕುವುದು ಹಾಸ್ಯಾಸ್ಪದ. ಇನ್ನು ಟ್ರಾಪ್ ಸ್ಪರ್ಧೆಯ ಅಭ್ಯಾಸಿಗೆ ಒಂದು ಸುತ್ತಿನಲ್ಲೇ 25 ಗುರಿಗಳು.

ಕಾಡನ್ನು ನಿಜವಾಗಿ ಬರಿದುಮಾಡುತ್ತಿರುವುದಕ್ಕೆ ವಹಿಯೂ ಇಲ್ಲ, ರಸೀದಿಯೂ ಇಲ್ಲ. ಹಳೆಯ ಬೈಕಿನ ಕೇಬಲ್ಲಿನಿಂದ ಮಾಡಿದ ಉರುಳಿಗೆ ಕಾಸು ಬೇಕಿಲ್ಲ, ಸದ್ದಿಲ್ಲ. ಹಂದಿಗೆಂದು ಇಟ್ಟದ್ದರಲ್ಲಿ ಚಿರತೆ ಸೊಂಟ ಕೊಟ್ಟು ನರಳುತ್ತದೆ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಸಿಡಿಮದ್ದು ತುಂಬಿದ ಆಮಿಷ ಕಚ್ಚಿ ಬಾಯಿ ಛಿದ್ರವಾದ ಗಬ್ಬದ ಆನೆ ಹೊಳೆಯ ನೀರಿನಲ್ಲಿ ನಿಂತೇ ಸತ್ತಿತು. ಅದನ್ನು ಕೊಂದವರು ಯಾವ ಕೋವಿ ಅಂಗಡಿಯ ಗಿರಾಕಿಗಳಾಗಿಯೂ ಇರಬೇಕಿರಲಿಲ್ಲ. ತೋಟೆಯನ್ನು ಇನ್ನಷ್ಟು ದುಬಾರಿ ಮಾಡಿ, ಕೊಳ್ಳುವವನನ್ನು ಠಾಣೆಗೆ ಅಲೆಸಿದರೆ ಬೆಳೆ ಕಳೆದುಕೊಂಡವನ ಕೈ ಇಂಥವುಗಳತ್ತಲೇ ಚಾಚುತ್ತದೆ. ಈ ಭಯ ನಮ್ಮದು.

ನಮ್ಮವರನ್ನೂ ಬಿಡಬಾರದು. ಪರವಾನಗಿ ಒಬ್ಬನದು, ರಾತ್ರಿ ಟಾರ್ಚು ಕಟ್ಟಿಕೊಂಡು ಕಾಡಿಗೆ ನುಗ್ಗುವವನು ಇನ್ನೊಬ್ಬ. ಮಾಂಸದ ಪಾಲು ಇಬ್ಬರಿಗೂ. ಇದನ್ನು ಕಂಡೂ ಕಾಣದಂತಿರುವ ಊರುಗಳು ಮಲೆನಾಡಿನಲ್ಲಿಲ್ಲವೆಂದು ಎದೆಮುಟ್ಟಿ ಹೇಳಲಾರೆವು. ಆದ್ದರಿಂದ ಕೇಳಬೇಕಾದ ಪ್ರಶ್ನೆಗಳು ಬೇರೆ. ಎಷ್ಟು ಕೊಂಡೆ ಎಂಬುದಲ್ಲ, ಯಾವುದನ್ನು ಕೊಂಡೆ? ಮಂಗ ಬೆದರಿಸುವವನಿಗೆ ಸಣ್ಣ ಚರೆಯ ತೋಟೆ ಸಾಕು. ಎಲ್‌ಜಿ, ಎಸ್‌ಜಿಗಳಂಥ ದಪ್ಪ ಚರೆಯನ್ನೇ ವರ್ಷವರ್ಷವೂ ಕೇಳುವವನು ಕಾರಣ ಹೇಳಲಿ. ಹಾರಿಸಿದ್ದು ಯಾರ ಕೈ? ಖಾಲಿಯಾದವು ಎಲ್ಲಿ? ಕಾಡುಹಂದಿ 2022ರ ತಿದ್ದುಪಡಿಯ ನಂತರ ಕಾಯಿದೆಯ ಎರಡನೆಯ ಅನುಸೂಚಿಯಲ್ಲಿದೆ. ಬೆಳೆ ರಕ್ಷಣೆಯ ಕೋವಿ ಅದನ್ನು ಕೊಲ್ಲುವ ಅಪ್ಪಣೆಚೀಟಿಯಲ್ಲವೆಂದು ರೈತನಿಗೆ ಅವನ ಭಾಷೆಯಲ್ಲಿ ತಿಳಿಸಿದವರೆಷ್ಟು ಮಂದಿ?

ವಹಿಯ ಪುಟ ತಿರುವಲು ಒಬ್ಬ ಗುಮಾಸ್ತ ಸಾಕು. ಉರುಳು ಕೀಳಲು ಬೇಲಿಗುಂಟ ನಡೆಯುವ ಕಾಲುಗಳು ಬೇಕು. ಇಲಾಖೆ ಮೊದಲು ಆ ಕಾವಲುಗಾರರ ಖಾಲಿ ಹುದ್ದೆಗಳನ್ನು ತುಂಬಲಿ. ಜೊತೆಗೆ ನಡೆಯಲು ನಾವು ಬರುತ್ತೇವೆ.