ಪೆಟ್ಟಿಗೆಯನ್ನು ತಡೆದವರು ಪರದೆಗೆ ಸೋತರು

ಮನೆಗೆ ಟಿ.ವಿ. ತರಬೇಕೇ, ಬೇಡವೇ ಎಂಬ ಪ್ರಶ್ನೆ ನಮ್ಮ ಮೊಹಲ್ಲಾಗಳಲ್ಲಿ ಬಿಸಿ ಚರ್ಚೆಗೆ ಕಾರಣವಾಗುತ್ತಿದ್ದ ಕಾಲವೊಂದಿತ್ತು. ಮಿಂಬರ್‌ಗಳಿಂದ ಅದರ ವಿರುದ್ಧ ಎಚ್ಚರಿಕೆಗಳು ಮೊಳಗುತ್ತಿದ್ದುವು. 'ನಮ್ಮ ಮನೆಯಲ್ಲಿ ಟಿ.ವಿ. ಇಲ್ಲ' ಎಂದು ಅಭಿಮಾನದಿಂದ ಹೇಳಿಕೊಳ್ಳುವ ಕುಟುಂಬಗಳಿದ್ದುವು. ಇಂದು ಆ ಚರ್ಚೆ ತಣ್ಣಗಾಗಿದೆ. ಪೆಟ್ಟಿಗೆಯನ್ನು ಹೊಸ್ತಿಲಲ್ಲೇ ತಡೆದ ಮನೆಗಳಲ್ಲೂ ಈಗ ತಲೆಗೊಂದರಂತೆ ಪರದೆಗಳಿವೆ. ಅವು ಯಾರ ಅನುಮತಿಯನ್ನೂ ಕೇಳದೆ ಜೇಬಿನಲ್ಲಿ ಕುಳಿತು ಒಳಬಂದುವು.

2015ರಲ್ಲಿ ಹಾಟ್‌ಸ್ಟಾರ್ ಬಂತು. 2016ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್ ಭಾರತಕ್ಕೆ ಕಾಲಿಟ್ಟಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಜಿಯೋ ಆರಂಭಗೊಂಡು ಡಾಟಾದ ಬೆಲೆ ಕುಸಿಯಿತು. ಅಲ್ಲಿಂದ ಧಾರಾವಾಹಿಯು ಹಜಾರದಿಂದ ಹೊರಟು ಹಾಸಿಗೆಯನ್ನು ಸೇರಿತು.

ಈ ಸ್ಥಳಾಂತರವನ್ನು ನಾವು ಹಗುರವಾಗಿ ಕಂಡೆವು. ಹಜಾರದ ಟಿ.ವಿ.ಗೆ ಅದರದೇ ಆದ ಮಿತಿಗಳಿದ್ದುವು. ಧಾರಾವಾಹಿಗೊಂದು ಸಮಯವಿತ್ತು. ಅದು ಮುಗಿದರೆ ಮರುದಿನದ ತನಕ ಕಾಯಬೇಕಿತ್ತು. ಮಗಳ ಮುಂದೆ ತಂದೆ ನೋಡಲು ನಾಚುವಂಥ ದೃಶ್ಯ ಬಂದರೆ ರಿಮೋಟ್ ತಾನಾಗಿ ಕೈಗೆ ಬರುತ್ತಿತ್ತು. ಇಂದು ಕಂತಿನ ಕೊನೆಯಲ್ಲಿ ಕ್ಷಣಗಳನ್ನು ಎಣಿಸುವ ಪರದೆ ಮುಂದಿನ ಕಂತನ್ನು ತಾನೇ ಶುರು ಮಾಡುತ್ತದೆ. ನಿಲ್ಲಿಸುವುದಕ್ಕೆ ಸಂಕಲ್ಪ ಬೇಕು, ಮುಂದುವರಿಸುವುದಕ್ಕೆ ಏನೂ ಬೇಡ. ತಮ್ಮ ಪೈಪೋಟಿ ಜನರ ನಿದ್ದೆಯೊಂದಿಗೆ ಎಂಬರ್ಥದ ಮಾತನ್ನು ನೆಟ್‌ಫ್ಲಿಕ್ಸ್‌ನ ಮುಖ್ಯಸ್ಥರಾಗಿದ್ದ ರೀಡ್ ಹೇಸ್ಟಿಂಗ್ಸ್ 2017ರಲ್ಲಿ ಬಹಿರಂಗವಾಗಿಯೇ ಆಡಿದ್ದರು. ನಿದ್ದೆ ಸೋತ ಮನೆಯಲ್ಲಿ ಫಜ್ರ್ ನಮಾಝ್‌ನ ಗತಿಯೇನು?

'ನಾವು ನೋಡುವುದು ಒಳ್ಳೆಯದನ್ನೇ' ಎಂಬ ಉತ್ತರ ಸಿದ್ಧವಾಗಿದೆ. ಹಾಗಾದರೆ ಒಳ್ಳೆಯದರ ಉದಾಹರಣೆಯನ್ನೇ ನೋಡೋಣ. ತುರ್ಕಿಯ 'ಎರ್ತುಗ್ರುಲ್' ಸರಣಿಯು 2014ರಿಂದ 2019ರ ವರೆಗೆ ಅಲ್ಲಿನ ಸರಕಾರಿ ವಾಹಿನಿಯಲ್ಲಿ ಪ್ರಸಾರವಾಯಿತು. 2020ರ ರಮಝಾನ್‌ನಲ್ಲಿ ಪಾಕಿಸ್ತಾನದ ಸರಕಾರಿ ವಾಹಿನಿ ಅದನ್ನು ಉರ್ದುವಿನಲ್ಲಿ ತೋರಿಸತೊಡಗಿತು. ಆ ಕಂತುಗಳು ಯೂಟ್ಯೂಬ್ ಮೂಲಕ ಗಡಿ ದಾಟಿದುವು. ಲಾಕ್‌ಡೌನ್‌ನಿಂದಾಗಿ ಮಸೀದಿಗಳು ಮುಚ್ಚಿದ್ದ ದಿನಗಳವು. ಅಶ್ಲೀಲತೆ ಇಲ್ಲ, ಹೀರೋ ನಮಾಝ್ ಮಾಡುತ್ತಾನೆ, ಇನ್ನೇನು ಬೇಕು ಎಂದು ನಾವು ಸಮಾಧಾನ ಪಟ್ಟುಕೊಂಡೆವು. ಆದರೆ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಈ ಸರಣಿಯ ಕಂತುಗಳು ನಾನೂರಕ್ಕೂ ಹೆಚ್ಚು. ಕಂತಿಗೆ ಮುಕ್ಕಾಲು ಗಂಟೆಯಂತೆ ಲೆಕ್ಕ ಹಾಕಿದರೆ ಮುನ್ನೂರು ಗಂಟೆ ಮೀರುತ್ತದೆ. ದಿನಕ್ಕೊಂದು ಗಂಟೆಯಂತೆ ಹತ್ತು ತಿಂಗಳ ಬದುಕು! ಇನ್ನು ಐತಿಹಾಸಿಕ ಎರ್ತುಗ್ರುಲ್‌ನ ಬಗ್ಗೆ ಖಚಿತವಾಗಿ ತಿಳಿದಿರುವುದು ಅತ್ಯಲ್ಪ. ಸರಣಿಯ ಬಹುಪಾಲು ಕಲ್ಪನೆ. ಅದನ್ನೇ ಇಸ್ಲಾಮಿನ ಇತಿಹಾಸವೆಂದು ನಂಬಿದ ಮಕ್ಕಳ ಕೈಗೆ ಆ ಹತ್ತು ತಿಂಗಳಲ್ಲಿ ನಾವು ಎಷ್ಟು ಇತಿಹಾಸ ಗ್ರಂಥಗಳನ್ನಿಟ್ಟೆವು? ಶತ್ರುವಿನ ತಲೆ ಕಡಿಯುವ ಖಡ್ಗವನ್ನು ಮೆಚ್ಚಿದ ಬಾಲಕನಿಗೆ ನೆರೆಯವನ ಹಕ್ಕುಗಳನ್ನು ಕಲಿಸಿದವರು ಯಾರು?

ಇನ್ನೊಂದು ಕಹಿ ಸತ್ಯವಿದೆ. ಮಗಳ ಮೊಬೈಲನ್ನು ತಪಾಸಣೆ ಮಾಡುವ ತಂದೆ, ಮಗ ತಡರಾತ್ರಿ ನೋಡುವುದನ್ನು 'ಹುಡುಗರಲ್ಲವೇ' ಎಂದು ತೇಲಿಸಿಬಿಡುತ್ತಾನೆ. ಹಗಲಿಡೀ ಅಡುಗೆ ಮನೆಯಲ್ಲಿ ದುಡಿದ ಪತ್ನಿ ಒಂದು ಕಂತು ನೋಡಿದರೆ ಗದರುವಾತ, ತಾನು ಮಾತ್ರ ಇಶಾ ಮುಗಿಸಿ ಬಂದು ಮಧ್ಯರಾತ್ರಿಯ ತನಕ ಇಯರ್‌ಫೋನ್ ಕಳಚುವುದಿಲ್ಲ. ದೃಷ್ಟಿಯನ್ನು ತಗ್ಗಿಸಬೇಕೆಂಬ ಆದೇಶ ಕುರ್‌ಆನ್‌ನಲ್ಲಿ ಮೊದಲು ಬಂದಿರುವುದು ಪುರುಷರಿಗೆ ಎಂಬುದನ್ನು ನಾವು ಮರೆತಿದ್ದೇವೆಯೇ?

ಹಾಗಾದರೆ ಸರಕಾರವೇ ಕಡಿವಾಣ ಹಾಕಲಿ ಎನ್ನುವವರಿದ್ದಾರೆ. 2021ರ ಫೆಬ್ರವರಿಯ ನಿಯಮಗಳು ಸರಣಿಗಳಿಗೆ ವಯೋಮಿತಿಯ ವರ್ಗೀಕರಣವನ್ನೂ ಪೋಷಕರ ಬೀಗವನ್ನೂ ಕಡ್ಡಾಯಗೊಳಿಸಿವೆ. 2024ರ ಮಾರ್ಚ್‌ನಲ್ಲಿ ಅಶ್ಲೀಲತೆಯ ಕಾರಣಕ್ಕೆ 18 ವೇದಿಕೆಗಳನ್ನು ಕೇಂದ್ರ ನಿರ್ಬಂಧಿಸಿತು. ಆದರೆ ಬೀಗವನ್ನು ಕೊಟ್ಟ ಮಾತ್ರಕ್ಕೆ ಬಾಗಿಲು ಮುಚ್ಚುವುದಿಲ್ಲ, ಮುಚ್ಚುವ ಕೈಯೂ ಬೇಕು. ಮೇಲಾಗಿ, ಅಶ್ಲೀಲತೆಗೆಂದು ನಾವು ಕೇಳಿ ಪಡೆದ ಕತ್ತರಿ ನಾಳೆ ಅಧಿಕಾರಸ್ಥರನ್ನು ಪ್ರಶ್ನಿಸುವ ಕಥೆಯ ಮೇಲೂ ಆಡಬಹುದು. 2021ರ ಜನವರಿಯಲ್ಲಿ ವಿವಾದದ ಒತ್ತಡಕ್ಕೆ ಮಣಿದು 'ತಾಂಡವ್' ಸರಣಿಯ ತಯಾರಕರು ಕ್ಷಮೆ ಯಾಚಿಸಿ ದೃಶ್ಯಗಳನ್ನು ಕತ್ತರಿಸಿದ್ದು ನೆನಪಿರಲಿ. ಮನೆಯ ಹೊಣೆಯನ್ನು ಆಳುವವರ ಕೈಗಿಡುವ ಸಮುದಾಯ, ತನ್ನ ಸ್ವಾತಂತ್ರ್ಯವನ್ನೂ ಜೊತೆಗಿಟ್ಟು ಬರುತ್ತದೆ.

ನಾವು ನಿಷೇಧದ ಪರವಲ್ಲ. ಪೆಟ್ಟಿಗೆಯನ್ನು ನಿಷೇಧಿಸಿ ಸೋತವರು ನಾವು, ಅದೇ ತಪ್ಪನ್ನು ಮತ್ತೆ ಮಾಡಬೇಕಾಗಿಲ್ಲ. ಮುಂದಿನ ಕಂತು ತಾನಾಗಿ ಆರಂಭವಾಗುವ ವ್ಯವಸ್ಥೆಯನ್ನು ಸೆಟ್ಟಿಂಗ್‌ನಲ್ಲಿ ನಿಲ್ಲಿಸಲು ಅನೇಕ ಆ್ಯಪ್‌ಗಳಲ್ಲಿ ಅವಕಾಶವಿದೆ. ಇಂದೇ ನಿಲ್ಲಿಸೋಣ. ರಾತ್ರಿ ಮನೆಯ ಎಲ್ಲ ಮೊಬೈಲ್‌ಗಳು, ಮೊದಲು ತಂದೆಯದ್ದು, ಹಜಾರದಲ್ಲೇ ಮಲಗಲಿ. ನೋಡುವುದಿದ್ದರೆ ಒಟ್ಟಿಗೆ ಕುಳಿತು ನೋಡಿ, ನೋಡಿದ್ದರ ಕುರಿತು ಮಕ್ಕಳೊಂದಿಗೆ ಮಾತಾಡೋಣ. ಜಮಾಅತ್ ಕಮಿಟಿಗಳು ಹೆತ್ತವರನ್ನು ಸೇರಿಸಿ ಈ ವಿಷಯವನ್ನು ಚರ್ಚೆಗಿಡಲಿ.

ಕಾಲದ ಮೇಲೆ ಆಣೆಯಿಟ್ಟು ಆರಂಭವಾಗುವ ಅಲ್ ಅಸ್ರ್ ಅಧ್ಯಾಯವನ್ನು ನಾವು ನಮಾಝ್‌ನಲ್ಲಿ ಮತ್ತೆ ಮತ್ತೆ ಓದುತ್ತೇವೆ. ನಾಳೆ ಅಲ್ಲಾಹನ ಮುಂದೆ ಆಯುಷ್ಯದ ಲೆಕ್ಕ ಕೊಡಬೇಕಾದಾಗ, ಮುನ್ನೂರು ಗಂಟೆಗಳ ಬಾಬ್ತಿನಲ್ಲಿ ನಾವು ಏನೆಂದು ಬರೆಯುತ್ತೇವೆ?