ಮನೆಯ ಬೆಕ್ಕಿನ ಬಹಿರ್ದೆಸೆ

ಕಳೆದ ತಿಂಗಳು ವಾಚಕಿಯೊಬ್ಬರು ಬರೆದ ಕಾಗದವನ್ನು ಓದುತ್ತ ನಾವು ಮೊದಲು ನಕ್ಕೆವು. ಕೊನೆಯ ಸಾಲಿಗೆ ಬಂದಾಗ ನಗು ನಿಂತಿತು. ಮಲೆನಾಡಿನ ಹಿತ್ತಿಲುಳ್ಳ ಮನೆಯನ್ನು ಬಿಟ್ಟು ಬೆಂಗಳೂರಿನ ಮೂರನೆಯ ಮಹಡಿಗೆ ಬಂದ ಅವರ ಸಂಸಾರದೊಡನೆ ಆರು ವರ್ಷದ ಗಂಡುಬೆಕ್ಕೊಂದು ಬಂದಿದೆ. ಊರಿನಲ್ಲಿ ಅದು ಬಾಳೆಯ ಬುಡದ ಸಡಿಲು ಮಣ್ಣನ್ನು ಕೆದರಿ, ಕೆಲಸ ತೀರಿಸಿ, ಮುಚ್ಚಿ ಬರುತ್ತಿತ್ತು. ಇಲ್ಲಿ ಅಂಗಡಿಯಿಂದ ತಂದ ಜೇಡಿಹರಳನ್ನು ತಟ್ಟೆಯಲ್ಲಿ ತುಂಬಿಟ್ಟರೆ ಮೂಸಿ ನೋಡಿ ಹಿಂದೆಗೆಯುತ್ತದೆ. ಬಳಿಕ ಹಾಸಿಗೆಯನ್ನು ಕೆಡಿಸುತ್ತದೆ. ಸೊಸೆ ಐದು ತಿಂಗಳ ಗರ್ಭಿಣಿ. ಬೆಕ್ಕಿನ ಮಲದಿಂದ ಗರ್ಭಕ್ಕೆ ಕೇಡೆಂದು ಯಾರೋ ಹೇಳಿದ್ದಾರೆ. ಸೀಮಂತದೊಳಗೆ ಸರಿಹೋಗದಿದ್ದರೆ ಚೀಲದಲ್ಲಿ ಕಟ್ಟಿ ಮೀನುಪೇಟೆಯ ಬಳಿ ಬಿಟ್ಟುಬರುವುದೆಂದು ಮನೆಯ ಯಜಮಾನರು ನಿಶ್ಚಯಿಸಿದ್ದಾರಂತೆ.

ಗರ್ಭದ ಮಾತನ್ನು ಮೊದಲು ಮುಗಿಸುವೆವು. ಆ ಭಯ ಕೇವಲ ಮೂಢನಂಬಿಕೆಯಲ್ಲ. ಟಾಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯು ಇಲಿ, ಹಕ್ಕಿ, ಹಸಿಮಾಂಸಗಳ ಮೂಲಕ ಬೆಕ್ಕಿನ ಹೊಟ್ಟೆಯನ್ನು ಸೇರಿ, ಮೊದಲ ಸಲ ಸೋಂಕಿದಾಗ ಒಂದರಿಂದ ಮೂರು ವಾರಗಳ ಕಾಲ ಮಲದೊಡನೆ ಹೊರಬೀಳುವುದುಂಟು. ಆದರೆ ಹೊರಬಿದ್ದ ಕೂಡಲೆ ಅದಕ್ಕೆ ಅಂಟುವ ಶಕ್ತಿಯಿಲ್ಲ. ಒಂದರಿಂದ ಐದು ದಿನ ಬೇಕು. ಆದಕಾರಣ ಪ್ರತಿದಿನವೂ ತಪ್ಪದೆ ಮಲವನ್ನು ತೆಗೆದುಹಾಕಿದರೆ ಅಪಾಯದ ಬಹುಭಾಗ ಕಳೆದಂತೆಯೇ. ಈ ಕೆಲಸವನ್ನು ಗರ್ಭಿಣಿಯು ಮಾಡಕೂಡದು. ಮಗನಿಗೂ ಎರಡು ಕೈಗಳುಂಟಷ್ಟೆ! ಸರಿಯಾಗಿ ಬೇಯದ ಮಾಂಸ, ತೊಳೆಯದ ಸೊಪ್ಪು, ತೋಟದ ಮಣ್ಣು, ಇವುಗಳಿಂದಲೂ ಅದೇ ರೋಗ ಬರುವುದೆಂಬುದನ್ನು ಯಜಮಾನರು ಗಮನಿಸಬೇಕು. ಉಳಿದ ಸಂದೇಹವನ್ನು ವೈದ್ಯರಲ್ಲಿ ಕೇಳತಕ್ಕದ್ದು. ಚೀಲದ ಅಗತ್ಯ ನಮಗೆ ಕಾಣುವುದಿಲ್ಲ.

ಇನ್ನು ತಟ್ಟೆಯ ವಿಚಾರ. ಅಂಗಡಿಯ ಜೇಡಿಹರಳು ಬೆಕ್ಕಿನ ಜಾತಿಗೆ ಅನಾದಿಯಿಂದ ಬಂದದ್ದೇನೂ ಅಲ್ಲ. ಅಮೆರಿಕದ ಮಿಚಿಗನ್ ಪ್ರಾಂತದಲ್ಲಿ 1947ರ ಚಳಿಗಾಲದಲ್ಲಿ, ಮರಳು ಹೆಪ್ಪುಗಟ್ಟಿತೆಂದು ನೆರೆಯಾಕೆ ಬಂದು ಕೇಳಲು, ಎಡ್ವರ್ಡ್ ಲೋ ಎಂಬಾತನು ತನ್ನಲ್ಲಿದ್ದ ಹೀರುಮಣ್ಣಿನ ಹರಳನ್ನು ಕೊಟ್ಟನು. ಅದು ನಮ್ಮ ಹೆಣ್ಣುಮಕ್ಕಳು ಮುಖಕ್ಕೆ ಬಳಿಯುವ ಮುಲ್ತಾನಿ ಮಣ್ಣಿನ ಜಾತಿಯದೇ. ಅಲ್ಲಿಂದ ದೊಡ್ಡ ವ್ಯಾಪಾರವೇ ಬೆಳೆಯಿತು. ಅದಕ್ಕೆ ಮೊದಲು ಅಲ್ಲಿಯವರೂ ಮರಳು ಬೂದಿಗಳಿಂದಲೇ ಕಾಲ ಕಳೆಯುತ್ತಿದ್ದರು. ಮನೆಬೆಕ್ಕಿನ ಪೂರ್ವಿಕರು ಒಣನೆಲದ ಕಾಡುಬೆಕ್ಕುಗಳು. ಪಾದಕ್ಕೆ ಮೆತ್ತಗಿರುವ, ಕೆದರಿ ಮುಚ್ಚಬಹುದಾದ ನುಣ್ಣನೆಯ ನೆಲವೇ ಅವಕ್ಕೆ ಒಪ್ಪುವುದು. ಆದುದರಿಂದ ಯಾವ ಪದಾರ್ಥ ಒಳ್ಳೆಯದೆಂಬುದನ್ನು ನಿಶ್ಚಯಿಸತಕ್ಕದ್ದು ಬೆಕ್ಕಿನ ಪಾದ, ಚೀಲದ ಮೇಲಿನ ಚಿತ್ರವಲ್ಲ.

ಬಾಳೆಯ ಬುಡಕ್ಕೆ ಹೊಂದಿಕೊಂಡ ಈ ಬೆಕ್ಕಿಗೆ ನಾವು ಸೂಚಿಸುವುದು ತೆಂಗಿನ ನಾರಿನ ಪುಡಿ. ಹೂಕುಂಡದವರಲ್ಲಿ ಕೋಕೋಪೀಟ್ ಎಂದು ಇಟ್ಟಿಗೆಯಾಗಿ ದೊರೆಯುತ್ತದೆ, ಗೊಬ್ಬರ ಬೆರೆಸಿದ್ದಾಗಿರಬಾರದು. ನೆನೆಸಿ ಬಿಡಿಸಿ, ಮಾಳಿಗೆಯ ಬಿಸಿಲಿನಲ್ಲಿ ಪೂರ್ತಿ ಒಣಗಿಸಬೇಕು. ತನ್ನ ತೂಕದ ಹಲವು ಪಾಲು ನೀರನ್ನು ಹೀರುವ ಗುಣ ಅದಕ್ಕುಂಟು, ಮಣ್ಣಿನ ವಾಸನೆಯೂ ಉಂಟು. ಪಾದಕ್ಕಂಟಿ ಮನೆಯೆಲ್ಲ ಕಂದುಪುಡಿಯಾಗುವುದೆಂಬುದು ನಿಜ. ತಟ್ಟೆಯ ಮುಂದೆ ಗೋಣಿತಾಟನ್ನು ಹಾಸಬೇಕು. ತೊಳೆದೊಣಗಿಸಿದ ಹೊಳೆಮರಳು ಬೆಕ್ಕಿಗೆ ಬಹು ಪ್ರಿಯ, ಆದರೆ ಹೀರುವುದಿಲ್ಲ; ಮೂತ್ರ ತಳಕ್ಕಿಳಿದು ನಾರುತ್ತದೆ. ಕಲ್ಲು ಪುಡಿಮಾಡಿದ ಎಂ-ಸ್ಯಾಂಡು ಹರಿತವಾದುದು, ಬೇಡ. ಬಡಗಿಯ ಹೊಟ್ಟು ಆಗಬಹುದು. ಪ್ಲೈವುಡ್ಡಿನ ಪುಡಿ, ಬಣ್ಣ ಬಳಿದ ಮರದ ಪುಡಿ ಆಗದು. ಭತ್ತದ ಉಮಿ ಅಗ್ಗ, ಆದರೆ ಹಗುರ. ಹಳೆಯ ವೃತ್ತಪತ್ರಿಕೆಯನ್ನು ಅಡಿಯಲ್ಲಿ ಹಾಸದೆ ಹಾಕಿದರೆ ತಟ್ಟೆ ಕೆಸರಾಗುವುದು. ಒಲೆಯ ಬೂದಿಯನ್ನು ಅಜ್ಜಿಯರು ಉಪಯೋಗಿಸಿದರೂ ನಾವು ಒಪ್ಪುವುದಿಲ್ಲ. ನೆನೆದ ಬೂದಿ ಕ್ಷಾರವಾಗಿ ಪಾದವನ್ನು ಸುಡುವುದು.

ಬದಲಾವಣೆಯನ್ನು ಒಮ್ಮೆಗೇ ಮಾಡಬಾರದು. ಒಂದು ತಟ್ಟೆಯಲ್ಲಿ ಪುಡಿ, ಇನ್ನೊಂದರಲ್ಲಿ ಮರಳನ್ನಿಟ್ಟು, ಯಾವುದನ್ನು ಅದು ಕೆದರುವುದೋ ನೋಡಿರಿ. ಗಾರೆಯವರ ಅಗಲವಾದ ಬಾಂಡ್ಲಿಯೇ ಸಾಕು. ಎರಡು ಮೂರು ಅಂಗುಲ ತುಂಬಿ, ಊಟದ ಬಟ್ಟಲಿಗೆ ದೂರವಾಗಿ, ಜನಸಂಚಾರವಿಲ್ಲದ ಮೂಲೆಯಲ್ಲಿಡಿ. ಬಿಸಿನೀರು ಸಾಬೂನುಗಳಿಂದ ತೊಳೆಯಬೇಕೇ ಹೊರತು ಫಿನಾಯಿಲನ್ನು ಮುಟ್ಟಿಸಬಾರದು. ಆ ಜಾತಿಯ ವಿಷವನ್ನು ಜೀರ್ಣಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಮೆ. ಪಾದವನ್ನು ನೆಕ್ಕಿಯೇ ಅದು ನಂಜೇರಬಹುದು. ತೆಗೆದ ಮಲವನ್ನು ಕಾಗದದಲ್ಲಿ ಕಟ್ಟಿ ಕಸಕ್ಕೆ ಹಾಕಿರಿ. ಸೊಪ್ಪಿನ ಮಡಿಗೆ, ತುಳಸಿಯ ಕುಂಡಕ್ಕೆ ಗೊಬ್ಬರವೆಂದು ಹಾಕಕೂಡದು.

ಬೆಕ್ಕನ್ನು ಶೌಚದ ಪೀಠದ ಮೇಲೆ ಕೂರಿಸುವ ವಿದ್ಯೆಯೂ ಉಂಟು. ನೋಡುವುದಕ್ಕೆ ಚಂದ. ಆದರೆ ಕೆದರುವ ಸುಖವಿಲ್ಲ, ಮುಪ್ಪಿನಲ್ಲಿ ಹತ್ತಲಾರದು. ಬೆಕ್ಕಿನ ಮಲ ಚರಂಡಿಯ ಮೂಲಕ ಸಮುದ್ರವನ್ನು ಸೇರಿ ನೀರುನಾಯಿಗಳಿಗೆ ರೋಗ ತರುವುದೆಂಬ ಚಿಂತೆಯಿಂದ, ಅದನ್ನು ಹಾಗೆ ಹರಿಯಬಿಡಬೇಡಿರೆಂದು ಹರಳಿನ ಚೀಲದ ಮೇಲೆ ಅಚ್ಚುಹಾಕುವಂತೆ ಕ್ಯಾಲಿಫೋರ್ನಿಯದವರು 2006ರಲ್ಲಿ ಕಾನೂನನ್ನೇ ಮಾಡಿದರು.

ಒಂದು ಮಾತು ಉಳಿಯಿತು. ಬೆಕ್ಕು ಗಂಡೆಂದು ಬರೆದಿದ್ದಾರೆ, ಎಷ್ಟು ಮೂತ್ರ ಮಾಡುತ್ತದೆಂದು ಬರೆದಿಲ್ಲ. ಹಾಸಿಗೆಯನ್ನು ಕೆಡಿಸುವುದು ಹಟವಲ್ಲದೆ ನೋವೂ ಆಗಿರಬಹುದು. ಪದೇ ಪದೇ ತಟ್ಟೆಗೆ ಹೋಗಿ ಮುಕ್ಕಿ, ಅರಚಿ, ಹನಿಯೂ ಬಾರದೆ ಮರಳಿದರೆ ಮೂತ್ರನಾಳ ಕಟ್ಟಿದೆಯೆಂದೇ ತಿಳಿಯಬೇಕು. ಗಂಡುಬೆಕ್ಕಿಗೆ ಅದು ಒಂದೆರಡು ದಿನದಲ್ಲಿ ಪ್ರಾಣಾಂತಿಕ. ಹಾಗಿದ್ದಲ್ಲಿ ಈ ಲೇಖನವನ್ನು ಮುಚ್ಚಿಟ್ಟು ಆ ಹೊತ್ತಿಗೇ ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ. ಕೋಕೋಪೀಟನ್ನು ನಾಳೆ ತರಬಹುದು.