ಹಳೆಯ ದಫ್ತರ ರದ್ದಿಯಲ್ಲ



ಸಂಘದ ಅಟ್ಟದ ಮೇಲಿನ ಹಳೆಯ ಬಟವಡೆ ಪುಸ್ತಕಗಳನ್ನು ರದ್ದಿಗೆ ಹಾಕಿ ಜಾಗ ತೆರವು ಮಾಡಬೇಕೆಂದು ಕೆಲವರು ಸೂಚಿಸಿದ್ದಾರೆ. ಕಾರ್ಯದರ್ಶಿಯಾಗಿ ನಾನು ಇದನ್ನು ಒಪ್ಪಲಾರೆ. ಅದಕ್ಕೆ ಕಾರಣ ನನ್ನ ಮನೆಯದೇ ಅನುಭವ.

ನಮ್ಮ ತಂದೆಯವರು ಮೃತ್ಯುಪತ್ರ ಬರೆದಿಟ್ಟಿದ್ದರು. ಊರಿನ ಇಬ್ಬರು ಹಿರಿಯರು ಸಾಕ್ಷಿ ಹಾಕಿದ್ದರು. ಕಾಗದವಿದೆಯಲ್ಲ ಎಂದು ನಾವು ನಿಶ್ಚಿಂತರಾಗಿದ್ದೆವು. ತೋಟದ ತಕರಾರು ನ್ಯಾಯಾಲಯಕ್ಕೆ ಹೋಗುವ ಹೊತ್ತಿಗೆ ಸಾಕ್ಷಿಗಳಿಬ್ಬರೂ ತೀರಿಕೊಂಡಿದ್ದರು. ಈ ರುಜು ಅವರದೇ ಎಂದು ಹೇಳುವವರು ಯಾರು ಎಂದು ವಕೀಲರು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ.

ಕಾಗದ ತಾನಾಗಿ ಮಾತಾಡುವುದಿಲ್ಲ. ಮೃತ್ಯುಪತ್ರಕ್ಕೆ ಕನಿಷ್ಠ ಇಬ್ಬರ ಸಾಕ್ಷಿ ಬೇಕು. ಅವರಲ್ಲಿ ಒಬ್ಬರಾದರೂ ಬದುಕಿದ್ದರೆ ನ್ಯಾಯಾಲಯದಲ್ಲಿ ನುಡಿಯಬೇಕು. ಯಾರೂ ಇಲ್ಲವಾದರೆ ಬರೆದವರ ರುಜುವನ್ನೂ ಒಬ್ಬ ಸಾಕ್ಷಿಯ ರುಜುವನ್ನೂ ರುಜುವಾತುಪಡಿಸಬೇಕು. 1872ರ ಸಾಕ್ಷ್ಯ ಕಾಯದೆ ಹೋಗಿ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದರೂ ಈ ನಿಯಮ ಹಾಗೆಯೇ ಉಳಿದಿದೆ. 30 ವರ್ಷ ಹಳೆಯ ಪತ್ರವು ಇರಬೇಕಾದವರ ವಶದಿಂದಲೇ ಬಂದರೆ ಅದರ ರುಜು ನಿಜವೆಂದು ನ್ಯಾಯಾಲಯ ಭಾವಿಸಬಹುದು. ಮೃತ್ಯುಪತ್ರಕ್ಕೆ ಆ ಸವಲತ್ತೂ ಇಲ್ಲ.

ಕಡೆಗೆ ನಮ್ಮನ್ನು ಪಾರುಮಾಡಿದ್ದು ಸಂಘದ ದಫ್ತರ. ಅಡಿಕೆ ಹಣ ಪಡೆದಾಗ ತಂದೆಯವರೂ ಒಬ್ಬ ಸಾಕ್ಷಿದಾರರೂ ಬಟವಡೆ ಪುಸ್ತಕದಲ್ಲಿ ಹಾಕಿದ್ದ ರುಜುಗಳು ಸಿಕ್ಕವು. ಒಪ್ಪಿತವಾದ ರುಜುವಿನೊಡನೆ ತಕರಾರಿನ ರುಜುವನ್ನು ಹೋಲಿಸಿ ನೋಡಲು ನ್ಯಾಯಾಲಯಕ್ಕೆ ಅಧಿಕಾರವಿದೆ. ಯಾರೋ ಗುಮಾಸ್ತರು ಜತನದಿಂದ ಕಟ್ಟಿಟ್ಟಿದ್ದ ಪುಸ್ತಕ ನಮ್ಮ ತೋಟವನ್ನು ಉಳಿಸಿತು.

ರುಜು ಸರಿಯಿದ್ದರೂ ಸಂಶಯ ಉಳಿಯಬಾರದು. ಮೈಸೂರಿನ ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಜಮ್ಮ ಮೊಕದ್ದಮೆಯಲ್ಲಿ, ಮೃತ್ಯುಪತ್ರದಿಂದ ತಮ್ಮ ಮಕ್ಕಳಿಗೆ ಲಾಭವಾಗುವವರೇ ಅದನ್ನು ಬರೆಯಿಸಲು ಮುಂದಾಗಿದ್ದರು. 1958ರ ನವೆಂಬರದಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಪತ್ರವನ್ನು ಮಾನ್ಯ ಮಾಡಲಿಲ್ಲ. ಲಾಭ ಪಡೆಯುವವರು ಬರೆಯಿಸುವ ಕೆಲಸದಿಂದ ದೂರವಿರುವುದು ಲೇಸು.

ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟಿದ್ದೇವೆ, ಸಾಲದೇ ಎನ್ನುವವರಿದ್ದಾರೆ. ಸಾಲದು. ಫೋಟೋದ ಪ್ರತಿಯನ್ನು ಹಾಜರುಪಡಿಸಲು ಕಾಯದೆ ಹೇಳಿದ ನಮೂನೆಯ ಪ್ರಮಾಣಪತ್ರ ಬೇಕು. ಮೂಲ ಕಾಗದವಿರುವಾಗ ಅದನ್ನೇ ತೋರಿಸಬೇಕೆಂಬುದು ಸಾಮಾನ್ಯ ನಿಯಮ.

ಆದ್ದರಿಂದ ನನ್ನ ಬಿನ್ನಹ ಇಷ್ಟೇ. ಸಾಕ್ಷಿಗೆ ಹಿರಿಯರೊಬ್ಬರನ್ನು ಗೌರವಕ್ಕೆ ಕರೆಯಿರಿ, ಇನ್ನೊಬ್ಬರು ನಿಮಗಿಂತ ಕಿರಿಯರಿರಲಿ. ಮೂಲಪತ್ರ ಯಾರ ಬಳಿಯಿದೆ ಎಂಬುದು ಮನೆಮಂದಿಗೆ ತಿಳಿದಿರಲಿ. ಚಂಡಿಕಾ ಹೊಳೆ ಉಕ್ಕುವ ಊರು ನಮ್ಮದು; ಕಾಗದವನ್ನು ತೇವಕ್ಕೂ ಒರಲೆಗೂ ಸಿಗದಂತೆ ಎತ್ತರದಲ್ಲಿಡಿ. ಸಂಘವಂತೂ ಹಳೆಯ ಪುಸ್ತಕಗಳನ್ನು ರದ್ದಿಯವನಿಗೆ ಕೊಡದೆ ಒಂದು ಕಬ್ಬಿಣದ ಕಪಾಟು ಕೊಳ್ಳಲಿ. ಮುಂದಿನ ಸರ್ವಸಾಧಾರಣ ಸಭೆಯಲ್ಲಿ ಈ ಠರಾವಿಗೆ ತಾವೆಲ್ಲ ಕೈಯೆತ್ತಬೇಕಾಗಿ ವಿನಂತಿ.